ಚುಕ್ಕಿ ಇಲ್ಲದ ಹಕ್ಕಿ

ಸ್ಟೇಷನ್ನಿನಲ್ಲಿ ಇಳಿದಾಗ

ಜಗಳಾಡಲು ಮಾತು ಸಿಗದ ಊರು ಯಾವುದೇ ಇರಲಿ, ನನ್ನ ಲೆಕ್ಕದಲ್ಲಿ ಅದು ಪರದೇಶ. ಹಾಗೆ ನೋಡಿದರೆ ನಾಗಪುರ ನನಗೆ ಪರದೇಶವೇ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ, ನಿಜ. ಆದರೆ ಸ್ಟೇಷನ್ನಿನ ಹೊರಗೆ ಆಟೋದವನು ಏನೋ ಒಂದು ಅಡ್ಡಾದಿಡ್ಡಿ ಮಾತು ಹೇಳಿದ. ಎದುರಾಡೋಣ ಎಂದು ಬಾಯಿ ತೆರೆದೆ. ಒಳಗಿಂದ ಬರೀ ಧಾರವಾಡದ ಕನ್ನಡ ಬಂತು. ಅವನು ನಕ್ಕ. ನಾನು ಸುಮ್ಮನೆ ಹತ್ತಿ ಕೂತೆ. ನಾನು ಸುಮ್ಮನೆ ಕೂತದ್ದನ್ನು ಹೇಳಿದರೆ ನಮ್ಮ ಓಣಿಯ ಜನ ಇವತ್ತಿಗೂ ನಂಬುವುದಿಲ್ಲ.

ಬುದ್ಧಿ ಇದ್ದವರು ಮೇ ತಿಂಗಳಲ್ಲಿ ನಾಗಪುರಕ್ಕೆ ಹೋಗುವುದಿಲ್ಲ. ಬುದ್ಧಿ ಇಲ್ಲದವರು ಮತ್ತು ಬೇರೆ ದಾರಿ ಇಲ್ಲದವರು ಹೋಗುತ್ತಾರೆ. ನಾನು ಯಾವ ಪೈಕಿ ಎಂದು ಮುಂದೆ ನೀವೇ ಹೇಳಿ.

ಹೋದ ಕಾರಣ ಮೊದಲೇ ಹೇಳಿಬಿಡುತ್ತೇನೆ. ನಾನೂ ನಮ್ಮ ಮನೆಯವರೂ ಮಣ್ಣಿನ ತಾಟು, ಬಟ್ಟಲು ಮಾಡಿ ಬದುಕಿದವರು. ತಿಗರಿ ನನ್ನದು, ಕುಂಚ ಅವರದು. ನಾನು ತಾಟು ತಿರುಗಿಸಿ ಕೊಡುತ್ತಿದ್ದೆ, ಅವರು ಅದರ ಮೇಲೆ ಒಂದು ನೀರುಹಕ್ಕಿ ಬರೆಯುತ್ತಿದ್ದರು. ಕೊಕ್ಕಿನಿಂದ ಶುರುವಾದ ಗೆರೆ ಕುತ್ತಿಗೆ ಇಳಿದು, ಬೆನ್ನು ಹತ್ತಿ, ಬಾಲದ ತುದಿಗೆ ಹೋಗಿಯೇ ನಿಲ್ಲುತ್ತಿತ್ತು. ನಡುವೆ ಕುಂಚ ಎತ್ತುತ್ತಿರಲಿಲ್ಲ. ಜನ ನಮ್ಮಲ್ಲಿಗೆ ಬರುತ್ತಿದ್ದದ್ದು ಆ ಹಕ್ಕಿಗಾಗಿ. ನನ್ನ ತಾಟು ಬರೀ ಕೂರಲು ಜಾಗ ಕೊಟ್ಟಿತ್ತು, ಅಷ್ಟೆ. ಇದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ, ಹೊಟ್ಟೆಕಿಚ್ಚು ಪಟ್ಟು ಪಟ್ಟು ಮುಗಿದಿದೆ.

ಕಳೆದ ವರ್ಷದಿಂದ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಚಹಾದ ಬಸಿಯಲ್ಲಿ ಸದ್ದು, ಆಮೇಲೆ ಅಂಗಿಯ ಗುಂಡಿ, ಆಮೇಲೆ ಹಕ್ಕಿಯ ಕುತ್ತಿಗೆ. ಡಾಕ್ಟರು ಹೇಳಬೇಕಾದದ್ದನ್ನು ಹೇಳಿದರು, ಕೊಡಬೇಕಾದ ಗುಳಿಗೆ ಕೊಟ್ಟರು. ಕೈ ತಾನು ಮಾಡಬೇಕಾದ್ದನ್ನು ಮಾಡುತ್ತ ಹೋಯಿತು. ದೀಪಾವಳಿ ಆದ ಮೇಲೆ ಒಂದು ದಿನ ಅವರು ಕುಂಚ ತೊಳೆದು, ಒರೆಸಿ, ಡಬ್ಬಿಯಲ್ಲಿ ತಲೆಕೆಳಗಾಗಿ ಇಟ್ಟರು. ಕುಂಚವನ್ನು ಹಾಗೆ ಇಡಬಾರದು ಎಂದು ನನಗೆ ಕಲಿಸಿದವರೇ ಅವರು.

ಆಗ ನೆನಪಾದವಳು ವಿದ್ಯಾ. ಅವಳ ಅಪ್ಪ ಗದಗಿನ ಕಡೆಯವರು, ನಾಗಪುರದ ಆರ್ಡನೆನ್ಸ್ ಫ್ಯಾಕ್ಟರಿಗೆ ನೌಕರಿಗೆ ಹೋಗಿ ಅಲ್ಲೇ ಉಳಿದವರು. ವಿದ್ಯಾ ಅಲ್ಲೇ ಹುಟ್ಟಿ, ಅಲ್ಲೇ ಮಣ್ಣಿನ ಕೆಲಸ ಕಲಿತು, ಕಲಿಸುತ್ತಾಳೆ. ಪುಣೆಯ ಪ್ರದರ್ಶನವೊಂದರಲ್ಲಿ ನಮ್ಮ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಅವಳ ಬಟ್ಟಲುಗಳ ಮೇಲಿನ ಚಿತ್ರ ಕುಂಚದ್ದಲ್ಲ, ಸ್ಕ್ರೀನ್ ಹಾಕಿ ಒತ್ತಿದ್ದು. ಮದುವೆ ಕಾರ್ಡಿಗೆ, ಕೈಚೀಲಕ್ಕೆ ಒತ್ತುತ್ತಾರಲ್ಲ, ಅದೇ. ಫೋನು ಮಾಡಿ ಕೇಳಿದೆ. ಅವಳು, "ಬರ್ರಿ ಕಾಕು, ಭಾಳ ಅವಘಡ ಏನಿಲ್ಲ, ಒಂದು ವಾರದಾಗ ಕಲಿತೀರಿ" ಅಂದಳು. ಅವಘಡ ಎಂದರೆ ಅವಳ ಮರಾಠಿಯಲ್ಲಿ ಕಷ್ಟ.

ಹಕ್ಕಿ ಉಳಿಯಬೇಕಿತ್ತು. ಅವರ ಕೈ ಹೋದರೂ ಅವರ ಗೆರೆ ಹೋಗಬಾರದು ಎನ್ನುವುದು ನನ್ನ ಹಟ. ಕೈ ಗಟ್ಟಿ ಇದ್ದಾಗ ಬೆಣ್ಣೆಕಾಗದದ ಮೇಲೆ ಅವರು ಬರೆದಿಟ್ಟಿದ್ದ ಒಂದು ಹಕ್ಕಿಯನ್ನು ಸುರುಳಿ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಹೊರಡುವಾಗ ಅವರು ಬಾಗಿಲ ತನಕ ಬಂದು, "ನೀರು ಜಾಸ್ತಿ ಕುಡಿ" ಅಂದರು. ಹಕ್ಕಿಯ ಬಗ್ಗೆ ಒಂದು ಮಾತೂ ಇಲ್ಲ. ದಾರಿಯುದ್ದಕ್ಕೂ ನನಗೆ ಅದರದೇ ಸಿಟ್ಟು.

ವಿದ್ಯಾಳ ಮನೆ

ನಾಗಪುರದ ಬಿಸಿಲನ್ನು ಬಿಸಿಲು ಎಂದು ಕರೆದರೆ ನಮ್ಮ ಧಾರವಾಡದ ಬಿಸಿಲಿಗೆ ಬೇರೆ ಹೆಸರು ಹುಡುಕಬೇಕು. ಬೆಳಿಗ್ಗೆಯೇ ಬೀದಿಯಲ್ಲಿ ಹೆಂಗಸರು, ಗಂಡಸರು ಎಲ್ಲರೂ ಮುಖಕ್ಕೆ ಬಟ್ಟೆ ಸುತ್ತಿ, ಕಣ್ಣಷ್ಟೇ ಬಿಟ್ಟು ಗಾಡಿ ಓಡಿಸುತ್ತಾರೆ. ಮೊದಲ ದಿನ ನನಗೆ ಊರಲ್ಲಿ ದರೋಡೆ ನಡೆದಿದೆ ಅನ್ನಿಸಿತು. ವಿದ್ಯಾಳ ಅವ್ವ ನನ್ನ ಕೈಚೀಲಕ್ಕೆ ಒಂದು ಉಳ್ಳಾಗಡ್ಡಿ ಹಾಕಿದರು. ಅಡಿಗೆಗಲ್ಲ, ಬಿಸಿಗಾಳಿ ತಟ್ಟದಿರಲಿ ಎಂದು. "ಇಲ್ಲೆ ಎಲ್ಲಾರೂ ಇಟ್ಕೋತಾರ, ಹೆಚ್ಚಿದ್ದಲ್ಲ, ಇಡೀದು ಇರಬೇಕು" ಎಂದರು. ಗದಗ ಬಿಟ್ಟು ಅಷ್ಟು ವರ್ಷ ಆದರೂ ಅವರ ಕನ್ನಡದಲ್ಲಿ ಗದಗ ಇತ್ತು. ಮಗಳ ಕನ್ನಡದಲ್ಲಿ ಅರ್ಧ ಮರಾಠಿ ಇತ್ತು. ಕನ್ನಡ ಓದಲು ಬರುತ್ತದಾ ಎಂದು ಕೇಳಿದೆ.

"ಓದಾಕ ಬರೂದಿಲ್ಲ ಕಾಕು. ಬೋರ್ಡ್ ಬರೋಬರ್ ಗುರುತು ಹಿಡೀತೇನಿ, ಕನ್ನಡ ಐತಿ ಅಂತ. ಏನು ಬರದಾರ ಅಂತ ಗೊತ್ತಾಗೂದಿಲ್ಲ."

ಅವಳ ಕಾರ್ಖಾನೆ ಎಂದರೆ ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗ. ಕಾರು ಬೀದಿಯಲ್ಲಿ ಬೇಯುತ್ತದೆ, ಮಣ್ಣು ನೆರಳಲ್ಲಿರುತ್ತದೆ. ಮೂಲೆಯಲ್ಲಿ ಒಂದು ದೊಡ್ಡ ಕೂಲರ್, ಅದರ ಸದ್ದಿಗೆ ಮಾತಾಡಿದ್ದು ಕೇಳಿಸುವುದಿಲ್ಲ, ನಿಲ್ಲಿಸಿದರೆ ಉಸಿರು ಆಡುವುದಿಲ್ಲ. ನಾನು ಅಲ್ಲೇ ತಿಗರಿಗೆ ಕೂತು ಒಂದಿಷ್ಟು ತಾಟು ತಿರುಗಿಸಿದೆ. ಅಷ್ಟರ ಮಟ್ಟಿಗೆ ಅದು ಪರದೇಶವಲ್ಲ ಅನ್ನಿಸಿತು. ಮಣ್ಣು ಯಾವ ಭಾಷೆಯಲ್ಲೂ ತಿರುಗುತ್ತದೆ.

ಒತ್ತಬೇಕಾದರೆ ತಾಟು ಹದಕ್ಕೆ ಬರಬೇಕು. ಬೆರಳಿಗೆ ಅಂಟಬಾರದು, ಒತ್ತಿದರೆ ಗುರುತು ಮೂಡಬೇಕು. ನಮ್ಮಲ್ಲಿ ಆ ಹದ ಮುಂಜಾನೆ ಬಂದರೆ ಮಧ್ಯಾಹ್ನದ ತನಕ ಕಾಯುತ್ತದೆ, ಮನೆಗೆ ಬಂದ ಹಳೆ ನೆಂಟರ ಹಾಗೆ. ಇಲ್ಲಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಹದ ಹೋಗಿ ತಾಟು ಹಪ್ಪಳವಾಗಿತ್ತು. ಮರುದಿನ ಜಾಣತನ ಮಾಡಿ ಕೂಲರ್ ಮುಂದೆ ಇಟ್ಟೆ. ಒಂದು ಮಗ್ಗುಲಿಗೆ ಗಾಳಿ ಬಡಿದು ತಾಟೆಲ್ಲ ಆ ಕಡೆಗೆ ಕಿವಿ ಎತ್ತಿದವು. ವಿದ್ಯಾ ನಗಲಿಲ್ಲ, ಒದ್ದೆ ಗೋಣಿ ತಂದು ಹೊದಿಸಿದಳು. ನಕ್ಕಿದ್ದರೆ ನನಗೆ ಜಗಳಕ್ಕೆ ಒಂದು ದಾರಿ ಆಗುತ್ತಿತ್ತು.

ಮಹಾಲ್

ಸ್ಕ್ರೀನ್ ಮಾಡುವವನು ಮಹಾಲ್ ಎನ್ನುವ ಹಳೆ ಪೇಟೆಯಲ್ಲಿದ್ದ. ವಿದ್ಯಾಳ ಸ್ಕೂಟರಿನ ಹಿಂದೆ ಕೂತು, ಮುಖಕ್ಕೆ ಅವಳ ಓಢಣಿ ಸುತ್ತಿಕೊಂಡು, ಹಕ್ಕಿಯ ಸುರುಳಿಯನ್ನು ಎದೆಗೆ ಅವುಚಿಕೊಂಡು ಹೋದೆ. ಗಲ್ಲಿಗಳು ನಮ್ಮ ಹಳೇ ಹುಬ್ಬಳ್ಳಿಗಿಂತ ಇಕ್ಕಟ್ಟು. ಎದುರು ಬರುವ ಗಾಡಿಗೆ ಜಾಗ ಬಿಡುವ ಪದ್ಧತಿ ಇಲ್ಲ. ಇಬ್ಬರೂ ಮುಂದೆ ಬಂದು, ನಿಂತು, ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಯಾರೋ ಒಬ್ಬರು ಹಿಂದೆ ಸರಿಯುತ್ತಾರೆ. ಯಾರೂ ಬೈಯುವುದಿಲ್ಲ. ಇಷ್ಟು ಬಿಸಿಲಿನಲ್ಲಿ ಇಷ್ಟು ಸಮಾಧಾನ ಎಲ್ಲಿಂದ ಬರುತ್ತದೋ ನನಗೆ ತಿಳಿಯಲಿಲ್ಲ.

ಒಂದು ಹಳೆ ವಾಡೆಯ ಮೆಟ್ಟಿಲ ಕೆಳಗೆ ಅವನ ಅಂಗಡಿ. ಎಲ್ಲರೂ ಅವನನ್ನು ಭಾವೂ, ಅಂದರೆ ಅಣ್ಣ, ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಐವತ್ತರ ಆಸುಪಾಸಿನ ದಪ್ಪ ಆಳು. ಗೋಡೆಗೆ ಚೌಕಟ್ಟುಗಳು ನೇತಾಡುತ್ತಿದ್ದವು. ಒಂದೊಂದರ ಬಟ್ಟೆಯಲ್ಲಿ ಒಂದೊಂದು ಗಣಪತಿ, ಕಳಸ, ಎಂದೋ ಮದುವೆಯಾದವರ ಹೆಸರು. ನಾವು ಬಂದ ಕೆಲಸ ಹೇಳುವ ಮೊದಲೇ ಎದುರಿನ ಗಾಡಿಯಿಂದ ಅವಲಕ್ಕಿ ತರಿಸಿದ. ಅದರ ಮೇಲೆ ಕೆಂಪಗೆ ಕಡಲೆಯ ಸಾರು ಸುರಿದಿತ್ತು, ತರ್ರಿ ಅಂತೆ. ನಮ್ಮ ಒಗ್ಗರಣೆ ಅವಲಕ್ಕಿಯನ್ನು ನೆನೆದುಕೊಂಡು ಬಾಯಿಗೆ ಹಾಕಿದೆ. ಕಣ್ಣಲ್ಲಿ ನೀರು ಬಂತು. ಭಾವೂ ಖುಷಿಯಾಗಿ ಇನ್ನಷ್ಟು ಸಾರು ಹಾಕಿಸಿದ. ಇಲ್ಲಿ ಅತಿಥಿಯ ಕಣ್ಣಲ್ಲಿ ನೀರು ಬಂದರೆ ಉಪಚಾರ ಸರಿಯಾಯಿತು ಎಂದು ಅರ್ಥ.

ಕೆಲಸ ನೋಡಿದರೆ ಬಹಳ ಸರಳ. ಹಕ್ಕಿಯನ್ನು ಪಾರದರ್ಶಕ ಹಾಳೆಗೆ ಕಪ್ಪಗೆ ಇಳಿಸುತ್ತಾರೆ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಗೆ ಒಂದು ಲೇಪ ಹಚ್ಚಿ ಕತ್ತಲಲ್ಲಿ ಒಣಗಿಸಿ, ಹಾಳೆಯನ್ನು ಅದಕ್ಕೆ ಅಂಟಿಸಿ ದೀಪ ತೋರಿಸುತ್ತಾರೆ. ಬೆಳಕು ಬಿದ್ದಲ್ಲಿ ಲೇಪ ಗಟ್ಟಿಯಾಗುತ್ತದೆ. ಕಪ್ಪು ಗೆರೆ ಇದ್ದಲ್ಲಿ ಬೆಳಕು ಬೀಳದೆ ಲೇಪ ಹಸಿಯಾಗಿ ಉಳಿದು, ನೀರು ಹೊಡೆದರೆ ತೊಳೆದುಹೋಗುತ್ತದೆ. ಆ ದಾರಿಯಲ್ಲಿ ಬಣ್ಣ ಇಳಿಯುತ್ತದೆ. ಒಂದು ಸಲ ಮಾಡಿಟ್ಟರೆ ಎಷ್ಟು ಸಲವಾದರೂ ಅದೇ ಹಕ್ಕಿ.

ಭಾವೂ ಬೆಣ್ಣೆಕಾಗದ ಬಿಚ್ಚಿ ದೀಪಕ್ಕೆ ಹಿಡಿದ. ಬಹಳ ಹೊತ್ತು ನೋಡಿದ. "ಕ್ಯಾ ಲೈನ್ ಹೈ" ಅಂದ. ಕುಂಚ ಎತ್ತಿಲ್ಲವೇ ಎಂದು ವಿದ್ಯಾಳನ್ನು ಮರಾಠಿಯಲ್ಲಿ ಕೇಳಿದ. ಎತ್ತಿಲ್ಲ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವನಿಗೆ ತಿಳಿಯಿತು. ಆ ಹೊತ್ತಿಗೆ ನನಗೆ ಅವನ ಮೇಲೆ ಪ್ರೀತಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಒತ್ತು

ಮರುದಿನ ಸ್ಕ್ರೀನ್ ಬಂತು. ದಪ್ಪ ಅಂಟಿನ ಜೊತೆ ಕಲಸಿದ ನೀಲಿ ಬಣ್ಣವನ್ನು ಅದರ ಮೇಲೆ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ದಮ್ಮಿಗೆ ಎಳೆಯಬೇಕು. ಕೆಳಗೆ ತೆಳ್ಳನೆ ಕಾಗದ. ಕಾಗದದ ಮೇಲೆ ಹಕ್ಕಿ ಇಳಿಯುತ್ತದೆ. ಅದನ್ನು ಹದದ ತಾಟಿನ ಮೇಲೆ ಬೋರಲು ಹಾಕಿ, ಬೆನ್ನು ಸವರಿ, ಕಾಗದ ಎತ್ತಿದರೆ ಹಕ್ಕಿ ಮಣ್ಣಿನ ಮೇಲೆ. ನಾನು ಎಳೆದೆ. ಕಾಗದ ತೆಗೆದು ನೋಡಿದರೆ ಹಕ್ಕಿ ಎಡಕ್ಕೆ ಮುಖ ಮಾಡಿತ್ತು.

ನಮ್ಮವರ ಹಕ್ಕಿ ಎಂದೂ ಎಡಕ್ಕೆ ತಿರುಗಿದ್ದಲ್ಲ. ಬಲಗೈಯವರಿಗೆ ಎಡಕ್ಕೆ ನೋಡುವ ಹಕ್ಕಿ ಸಲೀಸು, ಎಲ್ಲರೂ ಅದನ್ನೇ ಬರೆಯುತ್ತಾರೆ, ನಾನು ಯಾಕೆ ಬರೆಯಲಿ ಎಂದು ಹರೆಯದಲ್ಲಿ ಜಂಬ ಮಾಡಿ ಬಲಕ್ಕೆ ತಿರುಗಿಸಿದ್ದು ಅವರು. ವಿದ್ಯಾ ನನ್ನ ಮುಖ ನೋಡಿ, "ಥೋಡಾ ತಡೀರಿ ಕಾಕು, ಭಾವೂ ಬೇಕಂತಽ ಉಲ್ಟಾ ಮಾಡ್ಯಾನ, ತಾಟಿಗೆ ಒತ್ತಿದ್ರ ಇನ್ನೊಮ್ಮೆ ತಿರುಗತೈತಿ" ಎಂದು ಕಾಗದವನ್ನು ತಾಟಿಗೆ ಒತ್ತಿ ಎತ್ತಿದಳು. ಬಲಕ್ಕೆ ತಿರುಗಿ ಕೂತಿತ್ತು. ಕೊಕ್ಕಿನಿಂದ ಬಾಲದ ತನಕ ಒಂದೇ ಗೆರೆ. ನಡುಕವಿಲ್ಲ.

ನಾನು ಅತ್ತೆ. ಅಳುವುದನ್ನು ನಾನು ಸಾಮಾನ್ಯವಾಗಿ ಉಳಿದವರಿಗೆ ಬಿಡುತ್ತೇನೆ. ಅವತ್ತು ಅತ್ತೆ. ವಿದ್ಯಾ ಕೂಲರ್ ಕಡೆ ಮುಖ ಮಾಡಿ ನಿಂತಳು, ಒಳ್ಳೆಯ ಹುಡುಗಿ.

ಸಂಜೆ ಮನೆಗೆ ಫೋನು ಮಾಡಿದೆ. "ಹಕ್ಕಿ ಬಂತ್ರಿ" ಅಂದೆ.

"ಯಾವ ಕಡೆ ಮುಖ ಮಾಡೇತಿ?"

"ಬಲಕ್ಕ."

"ಹಂ" ಅಂದರು. ಆಮೇಲೆ, "ಅಲ್ಲೆ ಬಿಸಿಲು ಹೆಂಗ ಐತಿ?" ಎಂದು ಕೇಳಿದರು. ನಾನು ಬಿಸಿಲಿನ ಬಗ್ಗೆ ಹೇಳಿದೆ, ಉಳ್ಳಾಗಡ್ಡಿಯ ಬಗ್ಗೆ ಹೇಳಿದೆ. ಅವರು ನಕ್ಕರು. ಹಕ್ಕಿಯ ಮಾತು ಮತ್ತೆ ಬರಲಿಲ್ಲ.

ಫೋನಿಟ್ಟು, ಮತ್ತೊಮ್ಮೆ ತಾಟನ್ನು ನೋಡಲು ಕೆಳಗೆ ಹೋದೆ. ಆಗ ಕಂಡಿತು. ಚುಕ್ಕಿ ಇರಲಿಲ್ಲ.

ಈ ಚುಕ್ಕಿಯ ವಿಷಯ ಹೇಳಬೇಕು. ಹಕ್ಕಿ ಮುಗಿದ ಮೇಲೆ ನಮ್ಮವರು ಬೇರೆ ಕುಂಚ ತೆಗೆದುಕೊಂಡು, ಖಾಲಿ ಜಾಗದಲ್ಲಿ ಎಲ್ಲಾದರೂ ಒಂದು ಕರಿ ಚುಕ್ಕಿ ಇಡುತ್ತಿದ್ದರು. ಒಂದು ತಾಟಿನಲ್ಲಿ ಅಂಚಿನ ಹತ್ತಿರ, ಇನ್ನೊಂದರಲ್ಲಿ ಕಾಲಿನ ಕೆಳಗೆ. ಕೂಸಿನ ಗಲ್ಲಕ್ಕೆ ಕಾಡಿಗೆ ಹಚ್ಚುವ ಹಾಗೆ, ದೃಷ್ಟಿ ಆಗಬಾರದೆಂದು. ಆದರೆ ಎಲ್ಲ ತಾಟಿಗೂ ಇಡುತ್ತಿರಲಿಲ್ಲ. ಹಕ್ಕಿ ಮನಸ್ಸಿಗೆ ಬಂದರೆ ಮಾತ್ರ ಚುಕ್ಕಿ. ಬಾರದಿದ್ದರೆ, ಇದಕ್ಕೆ ಯಾರು ದೃಷ್ಟಿ ಹಾಕುತ್ತಾರೆ ಎಂದು ಹಾಗೇ ಬಿಡುತ್ತಿದ್ದರು. ಚುಕ್ಕಿ ಇಲ್ಲದ ತಾಟನ್ನು ನಾವು ಮಾರುತ್ತಿರಲಿಲ್ಲ. ಮನೆಯಲ್ಲಿ ನಾವು ಊಟ ಮಾಡುವುದೆಲ್ಲ ಚುಕ್ಕಿ ಇಲ್ಲದ ತಾಟಿನಲ್ಲೇ.

ಬೆಣ್ಣೆಕಾಗದದ ಹಕ್ಕಿಗೆ ಚುಕ್ಕಿ ಇತ್ತು. ಬಾಲದಿಂದ ಸ್ವಲ್ಪ ಮೇಲೆ, ಖಾಲಿ ಜಾಗದಲ್ಲಿ. ನಾನು ಅದನ್ನೇ ಆರಿಸಿ ತಂದದ್ದು ಆ ಕಾರಣಕ್ಕೆ.

ಮತ್ತೆ ಮಹಾಲ್

ಬೆಳಿಗ್ಗೆ ವಿದ್ಯಾಳನ್ನು ಎಬ್ಬಿಸಿ ಸ್ಕೂಟರ್ ಹೊರಡಿಸಿದೆ. ದಾರಿಯಲ್ಲಿ ಬೈಗಳನ್ನು ಹಿಂದಿಗೆ ತಿರುಗಿಸಿಕೊಳ್ಳುತ್ತ ಹೋದೆ. ಹಿಂದಿಯಲ್ಲಿ ನನ್ನ ಬೈಗಳೆಲ್ಲ ಪಾಠ ಒಪ್ಪಿಸಿದ ಹಾಗೆ ಆಗುತ್ತಿದ್ದವು.

ಭಾವೂ ಹಾಳೆಯನ್ನೂ ಸ್ಕ್ರೀನನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಮುಖದಲ್ಲಿ ಯಾವ ತಪ್ಪಿತಸ್ಥ ಭಾವವೂ ಇಲ್ಲ. "ಮ್ಯಾಡಮ್, ಏಕ್ ಛೇದ್ ಥಾ. ಭರ್ ದಿಯಾ" ಎಂದ, ನಾನು ಹೊಗಳಲು ಬಂದಿದ್ದೇನೆ ಎನ್ನುವ ಹಾಗೆ. ವಿದ್ಯಾ ಬಿಡಿಸಿ ಹೇಳಿದಳು. ಲೇಪ ಹಚ್ಚುವಾಗ ಧೂಳಿನ ಕಣ ಕೂತರೆ ಅಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದಂತೆ. ಒಳ್ಳೆಯ ಕೆಲಸಗಾರ ಸ್ಕ್ರೀನನ್ನು ದೀಪಕ್ಕೆ ಹಿಡಿದು, ಅಂಥ ತೂತು ಹುಡುಕಿ, ಸಣ್ಣ ಕುಂಚದಿಂದ ಲೇಪ ತುಂಬಿಯೇ ಕೊಡುತ್ತಾನಂತೆ. ಹಕ್ಕಿಗೆ ಸಂಬಂಧವಿಲ್ಲದೆ ಖಾಲಿ ಜಾಗದಲ್ಲಿ ಒಂಟಿಯಾಗಿ ಕೂತ ಚುಕ್ಕಿ ತೂತಲ್ಲದೆ ಮತ್ತೇನು?

ಅದು ದೃಷ್ಟಿ ಚುಕ್ಕಿ ಎಂದು ವಿದ್ಯಾ ಹೇಳಿದಳು. ಭಾವೂ ತಲೆಯಾಡಿಸಿದ. ಅವನ ಅಂಗಡಿಯ ಬಾಗಿಲಿಗೇ ನಿಂಬೆಹಣ್ಣು ಮೆಣಸಿನಕಾಯಿ ನೇತಾಡುತ್ತಿತ್ತು. ಆದರೆ ಅದು ಬಾಗಿಲಿಗೆ. ಚಿತ್ರದಲ್ಲಿ ಕಲೆ ಇದ್ದರೆ ಗಿರಾಕಿ ವಾಪಸು ತರುತ್ತಾನೆ ಎಂದ. ನಾಳೆ ಹೊಸ ಸ್ಕ್ರೀನ್ ಮಾಡಿಕೊಡುತ್ತೇನೆ, ಚುಕ್ಕಿ ಸಮೇತ, ಚಿಂತೆ ಬೇಡ ಎಂದ. ಅವಲಕ್ಕಿ ತರಿಸಲು ಕೈ ಎತ್ತಿದ.

ಬೈಯಲು ಬಂದವಳು ನಾನು. ಬೈಯಬೇಕಾದ ತಪ್ಪೇ ಇರಲಿಲ್ಲ, ಅದು ಇನ್ನೂ ಸಿಟ್ಟು. ಅಲ್ಲಿ ನಿಂತೇ ನನಗೊಂದು ವಿಚಾರ ಬಂತು. ಸ್ಕ್ರೀನಿನಲ್ಲಿ ಚುಕ್ಕಿ ಮೂಡಿದರೆ ಪ್ರತಿ ತಾಟಿನಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕಿ ಬರುತ್ತದೆ. ಅದು ದೃಷ್ಟಿ ಚುಕ್ಕಿ ಹೇಗಾದೀತು, ಕಂಪನಿ ಮಾರ್ಕು ಆದೀತು. ಅದಕ್ಕಿಂತ ಹೀಗೇ ಇರಲಿ. ತಾಟನ್ನು ಒಂದು ಸಲ ಸುಟ್ಟು, ಹೊಳಪು ಹಚ್ಚದೆ ಮನೆಗೆ ಒಯ್ಯುತ್ತೇನೆ. ಚುಕ್ಕಿಯನ್ನು ನಮ್ಮವರೇ ಇಡಲಿ, ತಮ್ಮ ಕೈಯಿಂದ. ಆಮೇಲೆ ನಮ್ಮ ಭಟ್ಟಿಯಲ್ಲಿ ಹೊಳಪು ಹಾಕಿ ಸುಟ್ಟರಾಯಿತು. ಚುಕ್ಕಿ ಇಡಲು ಕೈ ಗಟ್ಟಿ ಇರಬೇಕೆಂದೇನಿಲ್ಲ. ನಡುಗುವ ಕೈಯ ಚುಕ್ಕಿಯೂ ಚುಕ್ಕಿಯೇ. ಹಕ್ಕಿಗೆ ಹಕ್ಕಿ ಉಳಿಯಿತು, ಅವರಿಗೂ ಒಂದು ಕೆಲಸ ಉಳಿಯಿತು.

ಆ ಮೆಟ್ಟಿಲ ಕೆಳಗೆ ನನಗೆ ನನ್ನ ಬುದ್ಧಿಯ ಮೇಲೆ ಎಷ್ಟು ಅಭಿಮಾನ ಉಕ್ಕಿತು ಎಂದರೆ, ಭಾವೂ ತರಿಸಿದ ಅವಲಕ್ಕಿಯನ್ನು ಮತ್ತೆ ಸಾರು ಹಾಕಿಸಿಕೊಂಡು ತಿಂದೆ. ವಿದ್ಯಾಳಿಗೆ ಹೇಳಿದೆ. ಅವಳು, "ಚಲೋ ಆತು ಬಿಡ್ರಿ ಕಾಕು. ಹೊಸಾದು ಮಾಡಿಸೂದೂ ಬ್ಯಾಡ. ಕಾಕಾರಿಗೂ ಬರೇ ಕೂತು ಬ್ಯಾಸರಾಗಿರತೈತಿ" ಅಂದಳು. ಆ ಮಾತು ಕೇಳಿ ನನಗೆ ಯಾಕೋ ಸ್ವಲ್ಪ ಕಸಿವಿಸಿಯಾಯಿತು. ಆದರೆ ನಾನು ಯೋಚಿಸಿದ್ದೂ ಅದನ್ನೇ ಅಲ್ಲವೇ.

ಶನಿವಾರ

ಶನಿವಾರ ವಿದ್ಯಾಳ ಹತ್ತಿರ ಹವ್ಯಾಸಕ್ಕೆ ಕಲಿಯುವವರು ಬರುತ್ತಾರೆ. ಮಿಹಾನ್ ಕಡೆಯ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಹುಡುಗಿಯರು. ಅವರಲ್ಲಿ ಬೆಂಗಳೂರಿನ ಶ್ರೇಯಾ ಎನ್ನುವವಳು ನನ್ನ ಫೋನಿನ ಮಾತು ಕೇಳಿ, ಕನ್ನಡ ಎಂದು ಓಡಿಬಂದಳು. ಅವಳ ಕನ್ನಡಕ್ಕೂ ನನ್ನ ಕನ್ನಡಕ್ಕೂ ನಡುವೆ ಒಂದು ನಾಗಪುರ ಹಿಡಿಸುವಷ್ಟು ಜಾಗ ಇತ್ತು. ಆದರೂ ಆ ಊರಿನಲ್ಲಿ ಅದು ಸಕ್ಕರೆ.

ಅವಳು ತನ್ನ ಬೆಕ್ಕಿನ ಚಿತ್ರವನ್ನು ಲೋಟದ ಮೇಲೆ ಒತ್ತಲು ಬಂದಿದ್ದಳು. ಒಣಗಲು ಸಾಲಾಗಿ ಇಟ್ಟ ನನ್ನ ತಾಟುಗಳನ್ನು ನೋಡಿ ನಿಂತಳು.

"ಆಂಟಿ, ಸಕ್ಕತ್ತಾಗಿದೆ. ಕೈಯಲ್ಲಿ ಬರ್ದಂಗೇ ಇದೆ ನೋಡಿ. ಇದನ್ನ ಯಾರು ಮಾಡಿದ್ದು?"

"ನಮ್ಮ ಮನ್ಯಾವ್ರು" ಅಂದೆ.

"ಅವ್ರೂ ಬಂದಿದಾರಾ?"

"ಇಲ್ಲ. ಧಾರವಾಡದಾಗ ಅದಾರ."

"ಮತ್ತೆ ಇದನ್ನ ನೀವೇ ತಾನೆ ಮಾಡಿದ್ದು?" ಎಂದು ನಕ್ಕಳು. ತಪ್ಪೇನೂ ಹೇಳಲಿಲ್ಲ ಪಾಪ. ನಾನು ಬಣ್ಣ ಕಲಸುತ್ತ ಕೂತೆ. ಅವಳು ಫೋಟೋ ತೆಗೆದುಕೊಂಡಳು. ತಾಟು ಹಿಡಿದು ನಿಲ್ಲಿ ಎಂದು ನನ್ನನ್ನು ನಿಲ್ಲಿಸಿದಳು. ಆ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ. ಅದರಲ್ಲಿ ನಾನು ನಗುತ್ತಿದ್ದೇನೆ. ನೋಡಿದವರು ಹಕ್ಕಿ ನನ್ನದೇ ಎನ್ನುತ್ತಾರೆ.

ಅಂದು ಊಟದ ಹೊತ್ತಿಗೆ ವಿದ್ಯಾಳ ಅವ್ವ, ರಾಮದಾಸಪೇಠದಲ್ಲಿ ಕೈ ನಡುಕಕ್ಕೆ ದೊಡ್ಡ ಡಾಕ್ಟರು ಇದ್ದಾರೆ, ನಿಮ್ಮವರನ್ನು ಒಮ್ಮೆ ಕರೆದುಕೊಂಡು ಬಾ ಎಂದರು. ಎಲ್ಲ ಊರಲ್ಲೂ ಎಲ್ಲರಿಗೂ ಒಬ್ಬ ದೊಡ್ಡ ಡಾಕ್ಟರು ಗೊತ್ತಿರುತ್ತಾರೆ. ನೋಡೋಣ ಎಂದೆ. ಮನಸ್ಸಿನಲ್ಲಿ, ಇನ್ನು ಅಷ್ಟು ಅವಸರವಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನನಗೇ ಕೇಳಿಸಿತು.

ವಾಪಸು ರೈಲು

ಸುಟ್ಟ ತಾಟುಗಳನ್ನು ಹುಲ್ಲು ಹಾಸಿದ ಕಿತ್ತಳೆ ಪೆಟ್ಟಿಗೆಯಲ್ಲಿ ಜೋಡಿಸಿದೆವು. ಸ್ಕ್ರೀನನ್ನು ನನ್ನ ಎರಡು ಸೀರೆಯ ನಡುವೆ ಇಟ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ರೈಲಿನಲ್ಲಿ ದೊಣ್ಣೆ ಬೇಕಿಲ್ಲ, ಮೇಲಿನ ಬರ್ತಿನವರ ಸೂಟ್‌ಕೇಸು ಸಾಕು. ಹಾಗಾಗಿ ಪೆಟ್ಟಿಗೆಯನ್ನು ಕಾಲ ಹತ್ತಿರ ಇಟ್ಟುಕೊಂಡು, ಅದರ ಮೇಲೆ ಕೈ ಇಟ್ಟು ಕೂತೆ. ಎದುರಿನ ಹೆಂಗಸು ಕಿತ್ತಳೆ ಹಣ್ಣು ಮಾರಾಟಕ್ಕೆ ಎಂದುಕೊಂಡು ಕೇಳಿದಳು. ಇಲ್ಲ ಎಂದೆ. ಅವಳು ನಂಬದೆ ಊರು ಬರುವ ತನಕ ನನ್ನನ್ನು ಜಿಪುಣಿ ಎನ್ನುವ ಹಾಗೆ ನೋಡಿದಳು.

ಕಿಟಕಿಯ ಬಿಸಿಗಾಳಿಗೆ ಮುಖ ಒಡ್ಡಿ ನಾನು ಮನಸ್ಸಿನಲ್ಲಿ ನಾಟಕ ಕಟ್ಟುತ್ತಿದ್ದೆ. ಅವರು ಪೆಟ್ಟಿಗೆ ಬಿಚ್ಚುತ್ತಾರೆ. ಹಕ್ಕಿ ನೋಡುತ್ತಾರೆ. ಚುಕ್ಕಿ ಎಲ್ಲಿ ಎನ್ನುತ್ತಾರೆ. ನಾನು ಕರಿ ಬಣ್ಣದ ಬಟ್ಟಲು ಮುಂದಿಡುತ್ತೇನೆ. ಅವರ ಮುಖ ಅರಳುತ್ತದೆ. ಪ್ರವಾಸದಿಂದ ಜನ ಸೀರೆ ತರುತ್ತಾರೆ, ಸಿಹಿ ತರುತ್ತಾರೆ. ನಾನು ಗಂಡನಿಗೆ ಒಂದು ಚುಕ್ಕಿ ಇಡುವ ಜಾಗ ತರುತ್ತಿದ್ದೆ.

ಮನೆ

ಪೆಟ್ಟಿಗೆಯನ್ನು ಅವರೇ ಬಿಚ್ಚಿದರು. ಹಗ್ಗದ ಗಂಟು ಅವರ ಬೆರಳಿಗೆ ಬಹಳ ಹೊತ್ತು ಸಿಗಲಿಲ್ಲ. ನಾನು ಕತ್ತರಿ ಕೊಡಲು ಹೋಗಲಿಲ್ಲ, ಅಷ್ಟು ಬುದ್ಧಿ ನನಗಿತ್ತು. ಕೈಚೀಲದಿಂದ ಉಳ್ಳಾಗಡ್ಡಿ ಉರುಳಿ ಬಂತು. ಅದನ್ನು ನೋಡಿ ನಕ್ಕರು.

ಒಂದೊಂದೇ ತಾಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಾಟು ಅವರ ಕೈಯಲ್ಲಿ ನಡುಗುತ್ತಿತ್ತು, ಅದರ ಮೇಲಿನ ಹಕ್ಕಿ ನಡುಗುತ್ತಿರಲಿಲ್ಲ. ಹೆಬ್ಬೆರಳಿನಿಂದ ಗೆರೆಯನ್ನು ಕೊಕ್ಕಿನಿಂದ ಬಾಲದ ತನಕ ಸವರಿದರು. "ನಂದಽ ಐತಿ" ಅಂದರು. ಎಲ್ಲವನ್ನೂ ನೋಡಿ, ಚಾಪೆಯ ಮೇಲೆ ಸಾಲಾಗಿ ಇಟ್ಟರು. "ಒಂದರಾಗೂ ಚುಕ್ಕಿ ಇಲ್ಲ."

ನಾನು ಇದಕ್ಕೇ ಕಾದಿದ್ದೆ. ಭಾವೂ ತೂತು ಮುಚ್ಚಿದ ಕಥೆ ಹೇಳಿದೆ. ಅದಕ್ಕೆ ಅವರು ಜೋರಾಗಿ ನಕ್ಕರು. ನನಗೆ ಧೈರ್ಯ ಬಂತು. ಕರಿ ಬಣ್ಣ ಕಲಸಿ ತಂದೆ, ಡಬ್ಬಿಯಿಂದ ಅವರ ಚುಕ್ಕಿಯ ಕುಂಚ ತೆಗೆದು ಮುಂದಿಟ್ಟೆ.

"ಬೇಕಂತಽ ಹಂಗಽ ಬಿಟ್ಟು ತಂದೇನ್ರಿ. ನಿಮಗ ಅಂತ. ಚುಕ್ಕಿ ಇಡಾಕ ಕೈ ಗಟ್ಟಿ ಇರಬೇಕು ಅಂತ ಏನಿಲ್ಲಲ್ಲ."

ಅವರು ಕುಂಚವನ್ನು ನೋಡಿದರು. "ಹೌದು" ಅಂದರು. "ಅಷ್ಟು ಆಗತೈತಿ ನನ್ನ ಕೈಲೆ."

ನಾಗಪುರದಿಂದ ಹೊತ್ತು ತಂದ ಉಡುಗೊರೆ ಏನು ಎಂದು ಅವರ ಬಾಯಿಂದ ಕೇಳಿದ ಮೇಲೆ ನನಗೆ ತಿಳಿಯಿತು. ಶಾಲೆಯಲ್ಲಿ ಏನೂ ಬಾರದ ಹುಡುಗನ ಕೈಗೆ ಗಂಟೆ ಹೊಡೆಯುವ ಕೆಲಸ ಕೊಡುತ್ತಾರಲ್ಲ, ಅಂಥದ್ದು.

"ಹಕ್ಕಿ ಚಂದ ಬಂದೈತಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಚುಕ್ಕಿ ಇಡಬೇಕಾದ್ದಽ. ಇಡದಿದ್ರ ದೃಷ್ಟಿ ಆಗತೈತಿ. ಆದರ ಅದನ್ನ ಮಾಡಿದವರು ಇಡೂದು. ಇವನ್ನ ನಾ ಮಾಡಿಲ್ಲ."

"ಗೆರಿ ನಿಮ್ಮದಽ ಅಲ್ರಿ."

"ಗೆರಿ ನಂದು. ತಾಟು ಯಾರ್ದು? ಬಣ್ಣ ಯಾರು ಕಲಸಿದ್ರು? ಎಳದಾಕಿ ಯಾರು? ಆ ಬಿಸಲಾಗ ತಾಟಿನ ಹದ ಕಾದಾಕಿ ಯಾರು?" ಕುಂಚವನ್ನು ನನ್ನ ಕಡೆ ಸರಿಸಿದರು. "ನೀ ಇಡು. ನಾಳೆ ನಾ ಇಲ್ಲದಾಗ ಒತ್ತೂದು ನೀನಽ ಅಲ್ಲೇನು? ರೂಢಿ ಆಗಲಿ."

ಎದ್ದು ಹಿತ್ತಲಿಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು, ಗಿಡಕ್ಕೆ ನೀರು ಬಿಡುತ್ತಿದ್ದರು.

ಜಗಳಾಡೋಣ ಎಂದು ಬಾಯಿ ತೆರೆದೆ. ಧಾರವಾಡದ ನಡುಮನೆಯಲ್ಲಿ ಕೂತಿದ್ದೆ, ಹಿತ್ತಲಲ್ಲಿ ನನ್ನದೇ ಗಂಡ, ನನ್ನದೇ ಭಾಷೆ. ಮಾತು ಸಿಗಲಿಲ್ಲ.

ಬಣ್ಣ ಒಣಗುತ್ತಿತ್ತು. ಬಿಟ್ಟರೆ ಹಾಳು. ಕುಂಚ ಅದ್ದಿ ಮೊದಲ ತಾಟಿನ ಅಂಚಿಗೆ ಒಂದು ಚುಕ್ಕಿ ಇಟ್ಟೆ. ಎರಡನೆಯದಕ್ಕೆ ಕಾಲಿನ ಕೆಳಗೆ. ಹೀಗೇ ಸಾಲಿನ ಕೊನೆಯ ತನಕ, ಒಂದರಲ್ಲಿ ಇಟ್ಟ ಜಾಗದಲ್ಲಿ ಇನ್ನೊಂದರಲ್ಲಿ ಇಡದೆ, ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ ಹಾಗೆಯೇ ಇಟ್ಟೆ. ಎಲ್ಲ ದುಂಡಗೆ, ಅಚ್ಚುಕಟ್ಟಾಗಿ ಕೂತವು. ಹಾಳಾದ ನನ್ನ ಕೈ ಒಂದು ಸಲವೂ ನಡುಗಲಿಲ್ಲ.